ಜೇಬಿನ ಕಾಸಿಗೆ ಪುಸ್ತಕವಿದೆ, ಬಾಳೆಗೊನೆಗೆ ಇಲ್ಲ

ಓಣಂಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಜಾಗ ನಮ್ಮ ಸ್ವಾಧೀನದಲ್ಲಿದೆ ಎಂದು ತೋರಿಸುವ ಕೈವಶ ಸರ್ಟಿಫಿಕೇಟಿನ ಕೆಲಸಕ್ಕೆಂದು ಕಾಸರಗೋಡು ತಾಲೂಕಿನ ಒಂದು ವಿಲೇಜ್ ಆಫೀಸಿಗೆ ಹೋಗಿದ್ದೆ. ಬಾಗಿಲು ತೆರೆದು ಹತ್ತು ನಿಮಿಷ ಆಗಿತ್ತಷ್ಟೆ. ಬಂದ ನೌಕರರು ಹಾಜರಿ ಮುಗಿಸಿ ಮತ್ತೊಂದು ಪುಸ್ತಕವನ್ನು ಎಳೆದುಕೊಂಡು ಒಬ್ಬೊಬ್ಬರಾಗಿ ಏನೋ ಬರೆದರು. ಒಬ್ಬರು ಅಂಗಿಯ ಜೇಬಿನಿಂದ ನೋಟುಗಳನ್ನು ತೆಗೆದು, ಎಣಿಸಿ, 340 ಎಂದು ಬರೆದದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಅದೇ ಮೇಜಿನ ಅಡಿಯಲ್ಲಿ, ಅರ್ಧ ಗೋಣಿ ಹೊದ್ದುಕೊಂಡು, ಒಳ್ಳೆಯ ಬಲಿತ ನೇಂದ್ರ ಬಾಳೆಗೊನೆಯೊಂದು ಗೋಡೆಗೆ ಒರಗಿ ಕುಳಿತಿತ್ತು. ಅದರ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಅಂಕಣವೇ ಇಲ್ಲ.

ಗೊನೆ ಲಂಚದ್ದು ಎಂದು ನಾನು ಹೇಳುತ್ತಿಲ್ಲ. ನೌಕರರಲ್ಲಿ ಯಾರೋ ಒಬ್ಬರು ಬರುವ ದಾರಿಯಲ್ಲಿ ದುಡ್ಡು ಕೊಟ್ಟು ಕೊಂಡು, ಸಂಜೆ ಮನೆಗೆ ಒಯ್ಯಲು ಇಟ್ಟಿದ್ದಿರಬಹುದು. ಸಾಲಿನಲ್ಲಿ ನಿಂತಿದ್ದ ನಾವು ಏಳೆಂಟು ಜನ ಅದನ್ನು ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಹಿಂದೆ ಇದ್ದ ಹಿರಿಯರೊಬ್ಬರು ತಮ್ಮ ಖಾಲಿ ಕೈಚೀಲವನ್ನು ಮಡಚಿ ಕಂಕುಳಿಗೆ ಸೇರಿಸಿಕೊಂಡರು. ಬರಿಗೈಯಲ್ಲಿ ಬಂದದ್ದು ತಪ್ಪಾಯಿತೇ ಎಂಬ ಆ ಮುಜುಗರಕ್ಕೂ ಸರ್ಕಾರಿ ನೌಕರರ ಉಡುಗೊರೆಯ ನಿಯಮಗಳಿಗೂ ನೇರ ಸಂಬಂಧವಿದೆ.

ಮೊದಲು ಆ ಪುಸ್ತಕದ ವಿಷಯ. ಕೇರಳದಲ್ಲಿ ಜನರೊಂದಿಗೆ ನಿತ್ಯ ವ್ಯವಹಾರವಿರುವ ಸರ್ಕಾರಿ ಕಚೇರಿಗಳಲ್ಲಿ, ನೌಕರರು ಕೆಲಸಕ್ಕೆ ಬಂದ ಕೂಡಲೇ ತಮ್ಮ ಬಳಿ ಇರುವ ಸ್ವಂತ ಹಣ ಎಷ್ಟೆಂದು ದಾಖಲಿಸಬೇಕು. ಲಂಚ ಹಿಡಿಯುವ ವಿಜಿಲೆನ್ಸ್ ಇಲಾಖೆಯವರು ಮಧ್ಯಾಹ್ನ ದಿಢೀರನೆ ಬಂದು ಜೇಬು ನೋಡಿದಾಗ, ಬೆಳಿಗ್ಗೆ 340 ಬರೆದವರ ಬಳಿ 4,000 ಸಿಕ್ಕರೆ ಉಳಿದದ್ದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಕಾನೂನು ಪಂಡಿತರು ಬೇಕಿಲ್ಲದ, ಒಂದು ನೋಟ್‌ಬುಕ್ಕಿನಲ್ಲಿ ಮುಗಿಯುವ ಉಪಾಯ. ಲಂಚದ ಹಣ ಏಜೆಂಟನ ಮೊಬೈಲಿಗೆ ಹೋಗುವ ಈ ಕಾಲದಲ್ಲಿ ಅದರ ಹರಿತ ಸ್ವಲ್ಪ ಕಡಿಮೆಯಾಗಿದೆ ಎಂಬುದು ನಿಜ. ಆದರೂ ನನಗೆ ಆ ಪುಸ್ತಕದ ಮೇಲೆ ಗೌರವವಿದೆ. ಅದು ನೌಕರನನ್ನು ಕಳ್ಳ ಎನ್ನುವುದಿಲ್ಲ, ನಿನ್ನ ಬಳಿ ಇರುವುದನ್ನು ಬರೆದಿಡು ಎನ್ನುತ್ತದೆ, ಅಷ್ಟೆ.

ತೊಂದರೆ ಏನೆಂದರೆ, ಹಳ್ಳಿಯ ಕಚೇರಿಗೆ ಬರುವುದೆಲ್ಲ ನೋಟಿನ ರೂಪದಲ್ಲಿ ಬರುವುದಿಲ್ಲ. 2023ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯ ಪಾಲಕ್ಕಯಂ ವಿಲೇಜ್ ಆಫೀಸಿನ ಸಹಾಯಕರೊಬ್ಬರನ್ನು 2,500 ರೂಪಾಯಿಯ ಲಂಚದ ಆರೋಪದಲ್ಲಿ ವಿಜಿಲೆನ್ಸ್ ಬಂಧಿಸಿತು. ಅವರ ಬಾಡಿಗೆ ಕೋಣೆಯಲ್ಲಿ ಸುಮಾರು 35 ಲಕ್ಷ ರೂಪಾಯಿ ನಗದು ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ನಮ್ಮಲ್ಲಿ ಚಾದಂಗಡಿಯ ಮಾತುಕತೆ ಮಾತ್ರ ಹಣದ ಮೇಲೆ ನಿಲ್ಲಲಿಲ್ಲ. ಆ ಕೋಣೆಯಲ್ಲಿ 17 ಕಿಲೋ ನಾಣ್ಯ, ಹತ್ತು ಲೀಟರ್ ಜೇನು, ಪುನರ್ಪುಳಿಯ ಅಣ್ಣನಂತಿರುವ ಕುಡಂಪುಳಿ, ಹೊಸ ಅಂಗಿಗಳು, ಪೆನ್ನಿನ ಕಟ್ಟುಗಳು ಕೂಡ ಇದ್ದವು ಎಂಬುದೇ ಎಲ್ಲರ ಬಾಯಲ್ಲಿ. ಅದಕ್ಕೂ ಹಿಂದೆ, 2022ರ ಜನವರಿಯಲ್ಲಿ, ತಮಿಳುನಾಡು ಗಡಿಯ ವಾಳಯಾರ್ ಚೆಕ್‌ಪೋಸ್ಟಿನ ತಪಾಸಣೆಯಲ್ಲಿ ನಗದಿನ ಜತೆ ಲಾರಿ ಚಾಲಕರಿಂದ ಪಡೆದ ಕಿತ್ತಳೆ ಹಣ್ಣು ಮತ್ತು ಚೀನಿಕಾಯಿಗಳ (ಸಿಹಿಗುಂಬಳ) ಸುದ್ದಿ ಬಂದಿತ್ತು. ಚೀನಿಕಾಯಿಯನ್ನು ಯಾವ ಹಣದ ಪುಸ್ತಕದಲ್ಲಿ ಬರೆಯುವುದು?

ಹಾಗಾದರೆ ನಿಯಮವೇ ಇಲ್ಲವೇ ಎಂದರೆ, ಬೇಕಾದಷ್ಟಿದೆ. ವಿದ್ಯಾನಗರದ ಕಲೆಕ್ಟರೇಟ್ ಮತ್ತು ಅದರ ಆಚೀಚೆಯ ಕಚೇರಿಗಳನ್ನೇ ತೆಗೆದುಕೊಂಡರೆ ಮೂರು ಬಗೆಯ ನಡತೆ ನಿಯಮಗಳು ಒಂದೇ ರಸ್ತೆಯಲ್ಲಿ ಓಡಾಡುತ್ತವೆ. ಜಿಲ್ಲಾಧಿಕಾರಿ ಐಎಎಸ್ ಆದ್ದರಿಂದ ಅವರಿಗೆ ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು. ತಹಶೀಲ್ದಾರರಿಂದ ಹಿಡಿದು ವಿಲೇಜ್ ಆಫೀಸಿನವರೆಗೆ ಕೇರಳ ಸರ್ಕಾರಿ ನೌಕರರ 1960ರ ನಡತೆ ನಿಯಮಗಳು. ಅಂಚೆ, ಆದಾಯ ತೆರಿಗೆಯಂಥ ಕೇಂದ್ರ ಇಲಾಖೆಗಳವರಿಗೆ 1964ರ ಕೇಂದ್ರ ನಿಯಮಗಳು. ಮೂರರ ತಿರುಳು ಒಂದೇ: ಅನುಮತಿ ಇಲ್ಲದೆ ಉಡುಗೊರೆ ಪಡೆಯಬಾರದು, ಮನೆಯವರ ಕೈಯಲ್ಲಿ ಪಡೆದರೂ ಅದು ಪಡೆದಂತೆಯೇ.

ಕೇಂದ್ರದ ನಿಯಮದಲ್ಲಿ ಅಂಕಿಗಳು ಸ್ಪಷ್ಟವಾಗಿವೆ. ಮದುವೆ, ಉಪನಯನ, ಉತ್ತರಕ್ರಿಯೆಯಂಥ ಸಂದರ್ಭಗಳಲ್ಲಿ ಹತ್ತಿರದ ನೆಂಟರಿಂದ, ಕಚೇರಿ ವ್ಯವಹಾರವಿಲ್ಲದ ಸ್ನೇಹಿತರಿಂದ ಉಡುಗೊರೆ ಪಡೆಯಬಹುದು. ಬೆಲೆ 'ಎ' ಗುಂಪಿನವರಿಗೆ 25,000, 'ಬಿ' ಗುಂಪಿನವರಿಗೆ 15,000, 'ಸಿ' ಗುಂಪಿನವರಿಗೆ 7,500 ರೂಪಾಯಿ ದಾಟಿದರೆ ಸರ್ಕಾರಕ್ಕೆ ವರದಿ ಮಾಡಬೇಕು. ಉಳಿದ ಎಲ್ಲರಿಂದ ಪಡೆಯುವುದಕ್ಕೆ ಮಿತಿ ಬಹಳ ಕಡಿಮೆ: 'ಎ' ಮತ್ತು 'ಬಿ'ಯವರಿಗೆ 1,500 ಇದ್ದದ್ದನ್ನು 2019ರಲ್ಲಿ 5,000ಕ್ಕೆ, 'ಸಿ'ಯವರಿಗೆ 500 ಇದ್ದದ್ದನ್ನು 2,000ಕ್ಕೆ ಏರಿಸಲಾಯಿತು. ಅದನ್ನು ಮೀರಿದರೆ ಮೊದಲೇ ಮಂಜೂರಾತಿ ಬೇಕು. ಐಎಎಸ್‌ನವರಿಗೂ ಇದೇ 25,000 ಮತ್ತು 5,000.

2025ರಲ್ಲಿ ತೆಂಗಿನ ಎಣ್ಣೆ ಲೀಟರಿಗೆ 400 ರೂಪಾಯಿ ದಾಟಿದ್ದು ನೆನಪಿದೆಯಲ್ಲ. ನಮ್ಮ ಕಡೆ ಮನೆಯ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ತಂದ ಐದು ಲೀಟರಿನ ಕ್ಯಾನನ್ನು ಯಾರೂ ಸಂಪತ್ತು ಎಂದುಕೊಂಡವರಲ್ಲ. ಅದು ಅಕ್ಕಪಕ್ಕಕ್ಕೆ, ಮಗಳ ಮನೆಗೆ, ಪೇಟೆಯ ಪರಿಚಯದವರಿಗೆ ಹೋಗುವ ಸಾಮಾನು. ಆ ವರ್ಷ ಅದೇ ಕ್ಯಾನು ಸದ್ದಿಲ್ಲದೆ 'ಸಿ' ಗುಂಪಿನ ಗುಮಾಸ್ತನ ಮಿತಿಯನ್ನು ದಾಟಿಬಿಟ್ಟಿತು. ಕೊಟ್ಟವನಿಗೂ ಗೊತ್ತಿಲ್ಲ, ತೆಗೆದುಕೊಂಡವನಿಗೂ ಗೊತ್ತಿಲ್ಲ.

ಕ್ಯಾನಿನ ಮಾತು ತಮಾಷೆಗೆ ಹೇಳಿದ್ದು. ಕೆಲಸಕ್ಕೆ ಪ್ರತಿಯಾಗಿ ಕೊಟ್ಟದ್ದಾದರೆ ಬೆಲೆಯ ಮಿತಿಯೇ ಇಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ನಂತರ, ಕಾನೂನುಬದ್ಧ ಸಂಬಳದ ಹೊರತಾದ ಯಾವ ಲಾಭವೂ, ಅದು ಹಣವೇ ಆಗಬೇಕೆಂದಿಲ್ಲ, ಅನುಚಿತ ಲಾಭವಾಗುತ್ತದೆ. ಪಡೆದವರಿಗೆ ಮೂರರಿಂದ ಏಳು ವರ್ಷ ಸೆರೆ. ಕೊಟ್ಟವರೂ ಈಗ ಅಪರಾಧಿಗಳೇ. ಒತ್ತಾಯಕ್ಕೆ ಕೊಟ್ಟದ್ದಾದರೆ ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ನಮ್ಮ ಕಡೆಯವರಿಗೆ ಈ ಕೊನೆಯ ಮಾತು ಇನ್ನೂ ತಲುಪಿದಂತಿಲ್ಲ. 'ಖುಷಿಯಿಂದ ಕೊಟ್ಟದ್ದು' ಎಂದು ಎದೆತಟ್ಟಿ ಹೇಳುವವರನ್ನು ಈಗಲೂ ನೋಡುತ್ತೇನೆ. ಖುಷಿಯಿಂದ ಕೊಟ್ಟದ್ದು ಎಂದರೆ ಒತ್ತಾಯ ಇರಲಿಲ್ಲ ಎಂದು ಅವರೇ ಒಪ್ಪಿಕೊಂಡ ಹಾಗೆ.

ಲಂಚಕ್ಕೂ ಮನೆಯ ಉಪಚಾರಕ್ಕೂ ನಡುವೆ ಇರುವ ಬಯಲೇ ನಿಜವಾಗಿ ಕಷ್ಟದ್ದು. ಕೇಂದ್ರದ ನಿಯಮ ಉಚಿತ ಪ್ರಯಾಣ, ಊಟ, ವಸತಿ ಎಲ್ಲವನ್ನೂ ಉಡುಗೊರೆಯ ವ್ಯಾಖ್ಯೆಯಲ್ಲೇ ಸೇರಿಸುತ್ತದೆ. ಮರುಸಾಲಿನಲ್ಲೇ, ಅಪರೂಪಕ್ಕೊಂದು ಊಟ, ದಾರಿಯಲ್ಲಿ ವಾಹನ ಹತ್ತಿಸಿಕೊಳ್ಳುವುದು, ಸಾಮಾಜಿಕ ಉಪಚಾರ ಇವು ಉಡುಗೊರೆ ಅಲ್ಲ ಎಂದು ಬಿಟ್ಟುಕೊಡುತ್ತದೆ. ಅದರ ಕೆಳಗೆ ಮತ್ತೊಂದು ಎಚ್ಚರಿಕೆ: ಕಚೇರಿ ವ್ಯವಹಾರ ಇರುವವರಿಂದ ಅದ್ದೂರಿಯ ಅಥವಾ ಪದೇ ಪದೇ ಆಗುವ ಆತಿಥ್ಯ ಪಡೆಯಬಾರದು. ದಿಲ್ಲಿಯಲ್ಲಿ ಕುಳಿತು ಬರೆದವರ ಕಣ್ಣ ಮುಂದೆ ಪಂಚತಾರಾ ಹೋಟೆಲು ಇತ್ತೆಂದು ಕಾಣುತ್ತದೆ. ಬದಿಯಡ್ಕದ ಒಳಗಡೆಯ ಒಂದು ತೋಟದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಅದು ನಮ್ಮ ಸೋದರಮಾವನ ಮನೆಯಲ್ಲೇ ನಡೆದದ್ದು.

ಪಾಲು ಪಟ್ಟಿ ಆದ ಮೇಲೆ ಜಾಗ ಅಳೆದು ಗಡಿಕಲ್ಲು ಹಾಕಬೇಕಿತ್ತು. ಸರ್ವೆಯರು ಬರುವ ದಿನ ನಿಗದಿಯಾಯಿತು. ಆ ಕಡೆಗೆ ಬೆಳಿಗ್ಗೆ ಒಂದು ಬಸ್, ಸಂಜೆ ಒಂದು. ಇಲಾಖೆಯ ಜೀಪು ಇಲ್ಲ. ಹಾಗಾಗಿ ಪೇಟೆಯಿಂದ ಕರೆತರುವ ಜೀಪಿನ ಬಾಡಿಗೆ ಮಾವನದ್ದು. ಇದನ್ನು ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ. ಅದು ಹಾಗೆಯೇ. ಬಂದವರಿಗೆ ಬೆಲ್ಲ ನೀರು, ಆಮೇಲೆ ಬೊಂಡ, ಅಂದರೆ ಎಳನೀರು. ಅಳತೆ ಅರ್ಧಕ್ಕೆ ಬಂದಾಗ ಒಂದು ಗಂಟೆ. ಅತ್ತೆ ಸೌತೆಕಾಯಿ ಹುಳಿ, ಮೇಲಾರ, ಹಪ್ಪಳ, ಹಲಸಿನ ಹಣ್ಣಿನ ಪಾಯಸ ಮಾಡಿ ಎಲೆ ಹಾಕಿದ್ದರು. ಆ ಸರ್ವೆಯರು ಒಳ್ಳೆಯ ಮನುಷ್ಯ, ಬೇಡ ಬೇಡ ಎಂದೇ ಕುಳಿತರು. 'ಊಟದ ಹೊತ್ತಿಗೆ ಅಂಗಳದಲ್ಲಿದ್ದವರನ್ನು ಹಸಿದು ಕಳುಹಿಸಲಿಕ್ಕುಂಟೇ' ಎಂದು ಅತ್ತೆ ಕೇಳಿದರೆ, ನಡತೆ ನಿಯಮ ಓದಿಕೊಂಡು ಬಂದವರಲ್ಲಿ ಉತ್ತರವಿಲ್ಲ.

ತೋಡಿನ ಆಚೆ ಬದಿಯ ನೆರೆಯವರು ತಮ್ಮ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಗಡಿ ಅವರದ್ದೂ ಹೌದು. ಅಳತೆ ಮುಗಿದು ಕಲ್ಲು ಬಿದ್ದ ಮರುದಿನ ಅವರು ಆಡಿದ ಮಾತು ಊರೆಲ್ಲ ಸುತ್ತಿತು: 'ಎಲೆ ಹಾಕಿದ ಬದಿಗೆ ಕಲ್ಲು ಒಂದು ಅಡಿ ಸರಿದಿದೆ.'

ಕಲ್ಲು ಸರಿದಿರಲಿಲ್ಲ ಎಂದು ಮಾವ ಹೇಳುತ್ತಿದ್ದರು, ನಾನು ನಂಬಿದ್ದೆ. ಆದರೆ ನೆರೆಯವರ ಜಗಲಿಯಲ್ಲಿ ಕುಳಿತಿದ್ದರೆ ನಾನೂ ಆ ಮಾತನ್ನೇ ಆಡುತ್ತಿದ್ದೆನೋ ಏನೋ. ಅವರಿಗೆ ಕಂಡದ್ದು ಜೀಪು, ಬೊಂಡ, ಪಾಯಸ. ಕಾಣದೇ ಇದ್ದದ್ದು ಅಳತೆಯ ಲೆಕ್ಕ. ಊಟದಿಂದ ಸರ್ವೆಯರು ಬಗ್ಗುತ್ತಾರೆ ಎನ್ನುವುದಕ್ಕಿಂತ ದೊಡ್ಡ ಹಾನಿ ಇಲ್ಲಿದೆ: ಬಗ್ಗದೇ ಇದ್ದರೂ ಬಗ್ಗಿದಂತೆ ಕಾಣುತ್ತದೆ, ಮತ್ತು ಹಾಗಲ್ಲ ಎಂದು ತೋರಿಸಲು ಅವರ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ.

ನಮ್ಮ ಮಾತುಗಳಲ್ಲೇ ಈ ಗೊಂದಲ ಹುದುಗಿದೆ. ಕಾಣಿಕೆ ಎಂದರೆ ಕಾಣಲು ಹೋದಾಗ ಒಯ್ಯುವುದು, ಮೂಲ 'ಕಾಣ್'. ಗಡಿಯ ಇನ್ನೊಂದು ಭಾಷೆಯಲ್ಲೂ ಹಾಗೆಯೇ. ಮಲಯಾಳದ 'ಕಾಳ್ಚ' ನೋಟವೂ ಹೌದು, ಕಾಣಿಕೆಯೂ ಹೌದು. ಒಕ್ಕಲುಗಳು ಓಣಂಗೆ ಜನ್ಮಿಯ, ಅಂದರೆ ಜಮೀನುದಾರನ ಮನೆಗೆ ಒಯ್ಯುತ್ತಿದ್ದ ಬಾಳೆಗೊನೆಗೆ ಹೆಸರೇ ಕಾಳ್ಚಕ್ಕುಲ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು, ಜನ್ಮಿ ಹೋದ, ಧಣಿ ಹೋದ. ಗೊನೆ ಮಾತ್ರ ದಾರಿ ಬದಲಿಸಿಕೊಂಡು ಆಫೀಸಿನ ಮೇಜಿನ ಅಡಿಗೆ ಬಂದು ಕುಳಿತಿತು. ಇನ್ನು 'ಮುಯ್ಯಿ' ಎಂಬ ನಮ್ಮ ಪದವನ್ನು ನೋಡಿ. ಮದುವೆಯಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಕೊಟ್ಟದ್ದು ಸುಮ್ಮನೆ ಉಳಿಯುವುದಿಲ್ಲ, ಒಂದಲ್ಲ ಒಂದು ರೂಪದಲ್ಲಿ ತಿರುಗಿ ಬರುತ್ತದೆ ಎಂದು ಈ ಭಾಷೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಕಂಪೆನಿ ಸರ್ಕಾರಕ್ಕೂ ಗೊತ್ತಿತ್ತು. ನವಾಬರ ನಜರಾಣೆಗಳಲ್ಲಿ ನೌಕರರು ಕೊಬ್ಬಿ ಹೋದದ್ದನ್ನು ಕಂಡೇ 1773ರ ರೆಗ್ಯುಲೇಟಿಂಗ್ ಕಾಯ್ದೆ ಅವರು ಉಡುಗೊರೆ ಪಡೆಯುವುದನ್ನು ನಿಷೇಧಿಸಿತು. ಶಿಷ್ಟಾಚಾರಕ್ಕೆ ಬೇಡ ಎನ್ನಲಾಗದ ಶಾಲು, ಕತ್ತಿಗಳು ತೋಷಖಾನೆಗೆ, ಅಂದರೆ ಉಡುಗೊರೆಗಳ ಸರ್ಕಾರಿ ಉಗ್ರಾಣಕ್ಕೆ ಹೋಗುತ್ತಿದ್ದವು. ತೋಷಖಾನೆ ಈಗಲೂ ಇದೆ, ವಿದೇಶಾಂಗ ಸಚಿವಾಲಯದ ಕೈಯಲ್ಲಿ. ಪ್ರಧಾನಿಗೆ, ಸಚಿವರಿಗೆ, ಅಧಿಕಾರಿಗಳಿಗೆ ವಿದೇಶಗಳಲ್ಲಿ ಸಿಕ್ಕ ವಸ್ತುಗಳ ಪಟ್ಟಿಯನ್ನು ಅಂದಾಜು ಬೆಲೆಯ ಸಮೇತ ಅದು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅಂದರೆ ಪರದೇಶದ ಅಧ್ಯಕ್ಷರು ಕೊಟ್ಟ ಹೂದಾನಿಯ ಬೆಲೆಯನ್ನು ಕುಂಬಳೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಬಹುದು. ಪಕ್ಕದ ಕಚೇರಿಯ ಗೊನೆಯದ್ದು ನೋಡಲಾಗದು.

ಕಾಸರಗೋಡಿನಲ್ಲಿ ಈ ವಿಷಯಕ್ಕೆ ಒಂದು ವಿಶೇಷ ಮಗ್ಗುಲಿದೆ, ಅದು ಭಾಷೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದ ಪತ್ರಗಳ ಭಾಷೆ ಬದಲಾಯಿತು. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ತನ್ನ ತಿದ್ದುಪಡಿಯೊಂದಿಗೆ, ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನೂ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಕೆಲವು ಗುಮಾಸ್ತ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ಬೇರೆಯೇ ಅರ್ಜಿ ಕರೆಯುತ್ತದೆ. ಕಾಗದದ ಮೇಲೆ ಎಲ್ಲ ಸರಿ. ಕೌಂಟರಿನ ಮುಂದೆ ನಿಂತಾಗ ಕಥೆ ಬೇರೆ. ಫಾರಂ ಮಲಯಾಳದಲ್ಲಿ, ಬಂದ ನೋಟಿಸು ಮಲಯಾಳದಲ್ಲಿ. 'ಪೋಕ್ಕುವರವು' ಎಂದರೆ ಖಾತೆ ಬದಲಾವಣೆ ಎಂದು ಈಗ ಎಲ್ಲರಿಗೂ ಗೊತ್ತು, ಆದರೆ ಅದು ಏಕೆ ತಡೆದು ನಿಂತಿದೆ ಎಂದು ಬರೆದ ಷರಾ ಓದುವಷ್ಟು ಅಕ್ಷರ ಗೊತ್ತಿಲ್ಲ.

ಆಗ ಕನ್ನಡ ಬಲ್ಲ ಒಬ್ಬ ನೌಕರ ಕಣ್ಣಿಗೆ ಬೀಳುತ್ತಾರೆ. 'ಬನ್ನಿ ಭಟ್ರೇ, ಕುಳಿತುಕೊಳ್ಳಿ, ಇದರಲ್ಲಿ ಏನು ಬರೆದಿದೆ ಎಂದರೆ' ಎಂದು ಎರಡು ನಿಮಿಷ ಓದಿ ಹೇಳುತ್ತಾರೆ. ಆ ಎರಡು ನಿಮಿಷ ಅವರ ಸಂಬಳದ ಕೆಲಸ. ಇವರಿಗೆ ಅದು ಉಪಕಾರ. ಮುಂದಿನ ಸಲ ಬರುವಾಗ ಒಂದು ಹಾಳೆಯಲ್ಲಿ ಸುತ್ತಿದ ಹಪ್ಪಳವೋ, ನಾಲ್ಕು ಕಟ್ಟು ವೀಳ್ಯದೆಲೆಯೋ, ಒಂದು ಸೀಸೆ ಮಿಡಿ ಉಪ್ಪಿನಕಾಯಿಯೋ ಚೀಲದಲ್ಲಿ ಇರುತ್ತದೆ. ಇದರಲ್ಲಿ ಕೆಟ್ಟ ಮನಸ್ಸು ಎಲ್ಲಿಯೂ ಇಲ್ಲ. ಹಕ್ಕಾಗಿ ಸಿಗಬೇಕಾದದ್ದು ದಯೆಯಂತೆ ಸಿಕ್ಕಿದರೆ ಮನುಷ್ಯ ಋಣ ತೀರಿಸಲು ನೋಡುತ್ತಾನೆ. ಎರಡು ವರ್ಷದಲ್ಲಿ ಅದೇ ರೂಢಿಯಾಗಿ, ಹಪ್ಪಳ ತಾರದವರ ಕಾಗದ ಓದಲು ಪುರುಸೊತ್ತಿಲ್ಲ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಕನ್ನಡ ಬಲ್ಲ ನೌಕರರ ನೇಮಕಕ್ಕಾಗಿ ಹೋರಾಡುವ ನಮ್ಮವರು ಉಡುಗೊರೆಯ ವಿಷಯವನ್ನು ಬೇರೆ ಯಾರದೋ ಚಳವಳಿ ಎಂದು ಬಿಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಅರ್ಜಿಯ ಎರಡು ಪುಟಗಳು. ಪ್ರತಿ ಕೌಂಟರಿನಲ್ಲಿ ಕನ್ನಡದ ಫಾರಂ ಇದ್ದರೆ ಆ ಉಪ್ಪಿನಕಾಯಿ ಸೀಸೆ ಮನೆಯಲ್ಲೇ ಉಳಿಯುತ್ತಿತ್ತು.

ಕೆಲವು ಕಡೆ ಯಂತ್ರ ಈ ಕೆಲಸವನ್ನು ಸುಲಭ ಮಾಡುತ್ತಿದೆ ಎನ್ನುವುದನ್ನೂ ಹೇಳಬೇಕು. ಕೇರಳದ ಭೂದಾಖಲೆಗಳ ಏಕೀಕೃತ ಪೋರ್ಟಲ್ 'ಎಂಟೆ ಭೂಮಿ' 2024ರ ಅಕ್ಟೋಬರ್‌ನಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರ್ ಉಳ್ವಾರಿನಲ್ಲಿ. ಮೇಜುಗಳ ಸಂಖ್ಯೆ ಕಡಿಮೆಯಾದಷ್ಟು ಗೊನೆಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಆದರೆ ಜಾಗಕ್ಕೆ ಬಂದು ನೋಡಬೇಕಾದ ಕೆಲಸ, ವರದಿ ಬರೆಯಬೇಕಾದ ಕೆಲಸ ಪೋರ್ಟಲಿನಿಂದ ಮುಗಿಯುವುದಿಲ್ಲ.

ಈಗ ಬಹಿರಂಗಪಡಿಸುವ ಪ್ರಶ್ನೆ. ನಿಯಮಗಳಲ್ಲಿ ವರದಿ ಮಾಡಬೇಕು ಎಂದಿರುವುದು ಮೇಲಧಿಕಾರಿಗೆ, ಸರ್ಕಾರಕ್ಕೆ. ವರದಿ ಮೇಲಕ್ಕೆ ಹೋಗಿ ಕಡತದಲ್ಲಿ ಮಲಗುತ್ತದೆ. ಕೌಂಟರಿನ ಈಚೆ ನಿಂತವರಿಗೆ ಅದು ಕಾಣುವುದಿಲ್ಲ. ಕೇಳಿದರೆ ಸಿಗುತ್ತದೆಯೇ? ಮಹಾರಾಷ್ಟ್ರದ ಗಿರೀಶ್ ರಾಮಚಂದ್ರ ದೇಶಪಾಂಡೆ ಎಂಬವರು ಅಧಿಕಾರಿಯೊಬ್ಬರ ಆಸ್ತಿ ವಿವರ, ಅವರ ಮೇಲಿನ ಶಿಸ್ತು ಕ್ರಮದ ಕಾಗದಗಳು, ಜತೆಗೆ ಅವರ ಮಗನ ಮದುವೆಯಲ್ಲಿ ಬಂದ ಉಡುಗೊರೆಗಳ ಮಾಹಿತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದರು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಇವೆಲ್ಲ ನೌಕರ ಮತ್ತು ಸರ್ಕಾರದ ನಡುವಿನ ವಿಷಯ, ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ಇದೆ ಎಂದು ತೋರಿಸಿದರೆ ಮಾತ್ರ ಕೊಡಬಹುದು ಎಂದಿತು. ಅಂದಿನಿಂದ ಮಾಹಿತಿ ಅಧಿಕಾರಿಗಳಿಗೆ ಇದು ಹೇಳಿ ಮಾಡಿಸಿದ ಬೀಗ.

ಆ ಬೀಗಕ್ಕೆ ಈಚೆಗೆ ಮತ್ತೊಂದು ಚಿಲಕ ಬಿದ್ದಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ಹೊರಗಿಟ್ಟಿತ್ತು. ವಿಧಾನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯನಿಗೂ ನಿರಾಕರಿಸಬಾರದು ಎಂಬ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಆ ಷರತ್ತುಗಳೆಲ್ಲ ಹೋಗಿ, 'ವೈಯಕ್ತಿಕ ಮಾಹಿತಿ' ಎಂಬ ಎರಡೇ ಪದಗಳು ಉಳಿದಿವೆ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ 8(2) ಇನ್ನೂ ಇದೆ, ಅದನ್ನು ಹಿಡಿದು ಮೇಲ್ಮನವಿಗಳನ್ನು ಹತ್ತಿ ಇಳಿಯುವ ಶಕ್ತಿ ಒಂದು ಕೈವಶ ಸರ್ಟಿಫಿಕೇಟಿಗೆ ಅಲೆಯುವವನಿಗೆ ಇರುವುದಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಅದೇ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಅಧಿಕಾರಿ, ನೌಕರನ ತಿಂಗಳ ಸಂಬಳವನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು. ಸರ್ಕಾರ ಕೊಟ್ಟ ದುಡ್ಡು ಗುಟ್ಟಲ್ಲ, ನಾವು ಕೊಟ್ಟ ಸಾಮಾನು ಗುಟ್ಟು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ 2025ರ ಮೇ ತಿಂಗಳಲ್ಲಿ ತಮ್ಮ ಆಸ್ತಿ ವಿವರಗಳನ್ನು ಜಾಲತಾಣದಲ್ಲಿ ಹಾಕಿದರು. ಬ್ರಿಟನ್ನಿನಲ್ಲಿ ಇಲಾಖೆಗಳ ಅತ್ಯುನ್ನತ ಅಧಿಕಾರಿಗಳು ಯಾರ ಊಟಕ್ಕೆ ಹೋದರು ಎಂಬುದು ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಅ‌ಮೆರಿಕದ ಕೇಂದ್ರ ನೌಕರರು ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದ ವರ್ಷಕ್ಕೆ 50 ಡಾಲರ್ ಮೀರಿ ಪಡೆಯುವಂತಿಲ್ಲ. ಆ ವರ್ಷದ ಮೊತ್ತವೇ ಮುಖ್ಯ, ನಮ್ಮ ನಿಯಮಗಳಲ್ಲಿ ಇಲ್ಲದ್ದು ಅದೇ. ಹಳ್ಳಿಯಲ್ಲಿ ಎರಡು ಸಾವಿರದ ಉಡುಗೊರೆ ಒಮ್ಮೆಲೇ ಬರುವುದಿಲ್ಲ, ಇಪ್ಪತ್ತು ಸಲ ನೂರು ನೂರಾಗಿ ಬರುತ್ತದೆ.

ನನಗೆ ಹೊಳೆಯುವ ಪರಿಹಾರ ತೀರಾ ಸಣ್ಣದು, ಅದಕ್ಕೇ ನಡೆದೀತು ಎಂಬ ಆಸೆ. ಹಣದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಲಿ. ತಾರೀಕು, ಬಂದ ವಸ್ತು ಅಥವಾ ಉಪಚಾರ, ಅಂದಾಜು ಬೆಲೆ, ಏನು ಮಾಡಲಾಯಿತು. ಕೊಟ್ಟವರ ಹೆಸರು ಬೇಡ, ಅವರ ಅರ್ಜಿ ಬಾಕಿ ಇದ್ದರೆ ಅರ್ಜಿಯ ಸಂಖ್ಯೆ ಸಾಕು. ಹೆಸರು ಬರೆದರೆ ಪಾಪದವರು ನಾಚಿಕೆ ಪಡುತ್ತಾರೆ, ಜೋರಿನವರು ಅದನ್ನೇ ಹೆಮ್ಮೆ ಮಾಡಿಕೊಳ್ಳುತ್ತಾರೆ. ಬೇಡ ಎಂದು ಹಿಂದೆ ಕಳುಹಿಸಿದ್ದನ್ನೂ ಬರೆಯಬೇಕು. ಇದು ಬಹಳ ಮುಖ್ಯ ಎಂದು ನನ್ನ ಅಭಿಪ್ರಾಯ. ಈಗ ಪ್ರಾಮಾಣಿಕ ನೌಕರನ ಪ್ರಾಮಾಣಿಕತೆಗೆ ದಾಖಲೆಯೇ ಇಲ್ಲ, ಸಿಕ್ಕಿಬಿದ್ದವನಿಗೆ ಮಾತ್ರ ದಾಖಲೆ. ಪುಸ್ತಕ ಮೇಜಿನ ಈಚೆ, ನಮ್ಮ ಬದಿಗೆ ಇರಬೇಕು, ಅಂಕಣಗಳ ತಲೆಬರಹ ಎರಡೂ ಭಾಷೆಯಲ್ಲಿರಬೇಕು. ಸ್ಥಳ ತನಿಖೆಗೆ ಹೋದರೆ ಹೋದದ್ದು ಯಾರ ವಾಹನದಲ್ಲಿ, ಊಟ ಎಲ್ಲಿ ಎಂಬ ಎರಡು ಸಾಲು ವರದಿಯಲ್ಲೇ ಸೇರಲಿ. ಇಲಾಖೆ ಜೀಪು ಕೊಡದೆ ಪಕ್ಷಗಾರರ ಜೀಪಿನಲ್ಲಿ ಓಡಾಡಿಸುತ್ತಿದೆ ಎಂಬುದೂ ಆಗ ಕಾಗದಕ್ಕೆ ಬರುತ್ತದೆ. ಆ ತಪ್ಪು ಸರ್ವೆಯರದ್ದಲ್ಲ, ಸರ್ಕಾರದ್ದು.

ಒಬ್ಬ ನಿವೃತ್ತ ಗುಮಾಸ್ತರಲ್ಲಿ ಇದನ್ನು ಹೇಳಿದಾಗ ಅವರು ನಕ್ಕರು. 'ನಾಲ್ಕು ತೊಂಡೆಕಾಯಿಗೂ ಲೆಕ್ಕ ಬರೆಯುತ್ತಾ ಕುಳಿತರೆ ಕಂದಾಯ ಕಟ್ಟಿಸಿಕೊಳ್ಳುವವರು ಯಾರು? ಪುಸ್ತಕದಲ್ಲಿ ಬರೆದದ್ದು ಸಣ್ಣದೇ ಇರುತ್ತದೆ, ದೊಡ್ಡದು ಮನೆಯ ಹಿಂದಿನ ಬಾಗಿಲಿಗೆ ಹೋಗುತ್ತದೆ' ಎಂದರು. ಎರಡನೆಯ ಮಾತು ಪೂರ್ತಿ ಸರಿ. ದೊಡ್ಡದನ್ನು ಹಿಡಿಯುವುದು ವಿಜಿಲೆನ್ಸಿನ ಕೆಲಸ, ಅದರ ದೂರು ಸಂಖ್ಯೆ 1064ಕ್ಕೆ ಫೋನು ಮಾಡಿದವರ ಕೆಲಸ. ಪುಸ್ತಕದಿಂದ ಕಳ್ಳ ಸಿಗುವುದಿಲ್ಲ. ಖಾಲಿ ಕೈಚೀಲವನ್ನು ಕಂಕುಳಿಗೆ ಸೇರಿಸಿಕೊಂಡ ಆ ಹಿರಿಯರಿಗೆ, ಇಲ್ಲಿ ಏನೂ ತರಬೇಕಾಗಿಲ್ಲ ಎಂದು ಗೊತ್ತಾಗುವುದಕ್ಕೆ ಅದು. ಮೊದಲನೆಯ ಮಾತಿಗೆ, ತೊಂಡೆಕಾಯಿ ಬರೆಯುವುದು ಕಷ್ಟವಾದರೆ ತೊಂಡೆಕಾಯಿ ಬೇಡ ಎನ್ನುವುದು ಸುಲಭವಾದೀತು ಎಂದೆ. ಅದಕ್ಕೆ ಅವರು, 'ನೀವು ನಮ್ಮೂರಿನ ಹೆಂಗಸರಿಗೆ ಒಮ್ಮೆ ಬೇಡ ಎಂದು ನೋಡಿ' ಎಂದು ಮತ್ತೆ ನಕ್ಕರು.

ಮಾವನ ಮನೆಯ ಗಡಿಯ ಜಗಳ ತಾಲೂಕಿಗೆ ದೂರಾಗಿ, ಎಂಟು ತಿಂಗಳ ನಂತರ ಮರು ಅಳತೆಯಾಯಿತು. ಈ ಸಲ ಬಂದವರು ಬೇರೆ ಸರ್ವೆಯರು, ವಯಸ್ಸಿನಲ್ಲಿ ಚಿಕ್ಕವರು, ತಮ್ಮದೇ ಬೈಕಿನಲ್ಲಿ ಬಂದರು. ಒಂದು ಗಂಟೆಗೆ ಅತ್ತೆ ಕರೆದರು, ತೋಡಿನ ಆಚೆಯಿಂದ ನೆರೆಮನೆಯವರೂ ಕರೆದರು. ಅವರು ಯಾರ ಜಗಲಿಗೂ ಹತ್ತಲಿಲ್ಲ. ಗಡಿಯಲ್ಲೇ ಒಂದು ಅಡಿಕೆ ಮರದ ಬುಡಕ್ಕೆ ಒರಗಿ, ಚೀಲದಿಂದ ಬುತ್ತಿ ತೆಗೆದು, ಎಲ್ಲರ ಎದುರಿಗೇ ಉಂಡರು. ಅತ್ತೆಗೆ ಸಿಟ್ಟು ಬಂತು. ನೀರು ಮಾತ್ರ ಕೇಳಿದರು, ಎರಡು ಮನೆಯಿಂದಲೂ ಒಂದೊಂದು ಚೆಂಬು ಬಂತು, ಎರಡರಿಂದಲೂ ಕುಡಿದರು. ನಾಲ್ಕು ಗಂಟೆಗೆ ಅಳತೆ ಮುಗಿಯಿತು. ಕಲ್ಲು ಇದ್ದಲ್ಲೇ ಇತ್ತು. ನೆರೆಯವರು ಸಹಿ ಹಾಕಿದರು.